ನೀರಿಗೆ ಹುಟ್ಟಿದ ಬೆಣಚು

ಬೀದರ್ ಸೀಮೆಯ ನೆಲಕ್ಕೆ ಮುಖ್ಯವಾಗಿ ಎರಡೇ ಬಣ್ಣ. ಎತ್ತರದ ಬಯಲಿನಲ್ಲಿ ಜಂಬಿಟ್ಟಿಗೆಯ ಕೆಂಪು, ಇಳಿಜಾರು ಮುಗಿದಲ್ಲಿ ಎರೆಹೊಲದ ಕಪ್ಪು. ಈ ಕೆಂಪು ಕಪ್ಪುಗಳ ನಡುವೆ, ಬಗದಲ್ ಕಡೆಗಾಗಲಿ ಭಾಲ್ಕಿ, ಔರಾದ ಕಡೆಗಾಗಲಿ, ಕುಂಟೆ ಹೊಡೆದ ಹೊಲದಲ್ಲಿ, ಹಳ್ಳದ ಉಸುಕಿನಲ್ಲಿ, ಬಾವಿ ತೋಡಿ ಮೇಲೆ ಎಳೆದು ಹಾಕಿದ ಕಲ್ಲಿನ ಗುಡ್ಡೆಯಲ್ಲಿ ಬಿಳಿಯ ಕಲ್ಲೊಂದು ಕಣ್ಣಿಗೆ ಬೀಳುತ್ತಲೇ ಇರುತ್ತದೆ. ನಾವು ಬೆಣಚುಕಲ್ಲು ಎನ್ನುತ್ತೇವೆ, ಗಡಿಯಾಚೆಯ ಮರಾಠಿಯವರು ಗಾರಗೋಟಿ ಎನ್ನುತ್ತಾರೆ, ಭೂವಿಜ್ಞಾನದ ಪುಸ್ತಕದಲ್ಲಿ ಅದು ಕ್ವಾರ್ಟ್ಸ್. ಅದು ಎಲ್ಲಿಂದ ಬಂತು ಎಂದು ಕೇಳಿದರೆ ಶಾಲೆಯ ಪಾಠ ನೆನಪಿರುವವರು ಥಟ್ಟನೆ ಉತ್ತರ ಕೊಡುತ್ತಾರೆ: ದಖ್ಖನ್ ಪ್ರಸ್ಥಭೂಮಿ ಲಾವಾದಿಂದ ಆದದ್ದು, ಈ ಕಲ್ಲು ಈ ನೆಲದ್ದು, ಹಾಗಾದರೆ ಇದೂ ಜ್ವಾಲಾಮುಖಿ ಉಗುಳಿದ ಕಲ್ಲೇ. ಮೊದಲಿನ ಎರಡು ಮಾತೂ ಸರಿ, ಅವುಗಳಿಂದ ಎಳೆದು ತಂದ ಮೂರನೆಯದು ತಪ್ಪು. ಈ ಸೀಮೆಯ ಬೆಣಚು ಬೆಂಕಿಯಿಂದ ಹುಟ್ಟಿದ್ದಲ್ಲ, ಬೆಂಕಿ ಆರಿದ ಮೇಲೆ ಆ ಬಂಡೆಯೊಳಗೆ ಹರಿದ ನೀರಿಗೆ ಹುಟ್ಟಿದ್ದು. ಅದನ್ನು ನಂಬಲು ದೊಡ್ಡ ಯಂತ್ರ ಬೇಕಿಲ್ಲ. ಕಲ್ಲನ್ನು ಸರಿಯಾಗಿ ಗುರುತು ಹಿಡಿಯುವ ಕೆಲಸವೇ ಅರ್ಧ ದಾರಿ ಕರೆದುಕೊಂಡು ಹೋಗುತ್ತದೆ.

ಗುರುತು ಹಿಡಿಯುವಾಗ ಜನ ಮೊದಲು ನೋಡುವುದು ಬಣ್ಣ. ನಂಬಲು ಎಲ್ಲಕ್ಕಿಂತ ಕಡಿಮೆ ಯೋಗ್ಯವಾದದ್ದೂ ಅದೇ. ಎರೆಮಣ್ಣಿನಲ್ಲಿ ಸಿಗುವ ಬಿಳಿಗಂಟುಗಳಲ್ಲಿ ಬಹುಪಾಲು ಕಂಕರ್, ಅಂದರೆ ಮಣ್ಣಿನೊಳಗೇ ಗಟ್ಟಿಯಾದ ಸುಣ್ಣ. ಬಾವಿಯಿಂದ ಬಂದ ಕಲ್ಲಿನ ಪೊಟರೆಗಳಲ್ಲಿ ಬಿಳಿ ಕ್ಯಾಲ್ಸೈಟ್ ಇರಬಹುದು, ಜಿಯೋಲೈಟ್ ಗುಂಪಿನ ಸ್ಟಿಲ್ಬೈಟ್, ಹ್ಯೂಲಾಂಡೈಟ್ ಇರಬಹುದು, ಹರಳಿನ ಗುರುತೇ ಕಾಣದ ನುಣುಪಾದ ಕಾಲ್ಸೆಡೊನಿ ಇರಬಹುದು. ಎಲ್ಲವೂ ಬಿಳಿಯೇ. ಇವುಗಳಲ್ಲಿ ಕಾಲ್ಸೆಡೊನಿ ಮಾತ್ರ ಕ್ವಾರ್ಟ್ಸ್‌ನ ರಕ್ತಸಂಬಂಧಿ. ಅದೂ ಸಿಲಿಕಾನ್ ಡೈಆಕ್ಸೈಡೇ, ಹರಳುಗಳು ಮಾತ್ರ ಬರಿಗಣ್ಣಿಗೆ ಕಾಣದಷ್ಟು ಸಣ್ಣ. ಪಟ್ಟೆ ಪಟ್ಟೆಯಾಗಿ ಬೆಳೆದರೆ ಅದನ್ನೇ ಅಗೇಟ್ ಎನ್ನುತ್ತೇವೆ, ಬೀದರ್ ಪೇಟೆಯಲ್ಲಿ ಉಂಗುರಕ್ಕೆ ಕೂರಿಸುವ ಹಕೀಕ್ ಎಂದರೆ ಬೇಗ ತಿಳಿಯುತ್ತದೆ. ಉಳಿದವು ರಾಸಾಯನಿಕವಾಗಿ ಬೇರೆಯೇ ಕುಲದವು.

ಬಣ್ಣ ಬಿಟ್ಟರೆ ನೋಡಬೇಕಾದದ್ದು ಗಡಸು. ಜರ್ಮನಿಯ ಫ್ರೆಡ್ರಿಕ್ ಮೋಸ್ 1812ರಲ್ಲಿ ಹಾಕಿಕೊಟ್ಟ ಹತ್ತು ಮೆಟ್ಟಿಲಿನ ಅಳತೆಯಲ್ಲಿ ಕ್ವಾರ್ಟ್ಸ್ ಏಳನೆಯದು, ಕ್ಯಾಲ್ಸೈಟ್ ಮೂರನೆಯದು, ಜಿಯೋಲೈಟ್‌ಗಳು ಮೂರೂವರೆಯಿಂದ ಐದೂವರೆಯವರೆಗೆ, ಕಿಟಕಿಯ ಗಾಜು ಐದೂವರೆಯ ಆಸುಪಾಸು. ಕಲ್ಲಿನ ಚೂಪು ಅಂಚನ್ನು ಹಳೆಯ ಗಾಜಿನ ಚೂರಿನ ಮೇಲೆ ಒತ್ತಿ ಎಳೆದರೆ ಬಿಳಿಗೆರೆ ಬೀಳುತ್ತದೆ. ಇಲ್ಲಿಯೇ ಹೆಚ್ಚಿನವರು ಮೋಸ ಹೋಗುವುದು. ಮೆತ್ತನೆಯ ಕಲ್ಲು ಗಾಜಿನ ಮೇಲೆ ತಾನೇ ಸವೆದು ಪುಡಿಯ ಗೆರೆ ಬಿಡುತ್ತದೆ, ಅದೂ ನೋಡಲು ಗೀರಿನಂತೆಯೇ ಇರುತ್ತದೆ. ಬೆರಳನ್ನು ಒದ್ದೆ ಮಾಡಿ ಗೆರೆಯನ್ನು ಒರೆಸಬೇಕು. ಅಳಿಸಿ ಹೋದರೆ ಸವೆದದ್ದು ಕಲ್ಲು. ಉಳಿದು, ಉಗುರಿನ ತುದಿ ಅದಕ್ಕೆ ಸಿಕ್ಕಿಕೊಂಡರೆ ಸವೆದದ್ದು ಗಾಜು. ಆಮೇಲೆ ಚಾಕುವಿನ ತುದಿಯಿಂದ ಕಲ್ಲನ್ನೇ ಗೀರಲು ನೋಡಿದರೆ ಕ್ವಾರ್ಟ್ಸ್ ಮೇಲೆ ಉಕ್ಕಿನ ಬೂದುಗೆರೆ ಉಳಿಯುತ್ತದೆಯೇ ಹೊರತು ಕಲ್ಲಿಗೆ ಗಾಯವಾಗುವುದಿಲ್ಲ. ಕಂಕರ್ ಮತ್ತು ಕ್ಯಾಲ್ಸೈಟ್‌ನ ಅನುಮಾನವಿದ್ದರೆ ಒಂದಿಷ್ಟು ಕೆರೆದು ಪುಡಿ ಮಾಡಿ ನಿಂಬೆರಸ ಹಿಂಡಿದರೂ ಸಾಕು, ಗುಳ್ಳೆ ಏಳುತ್ತದೆ. ಕ್ವಾರ್ಟ್ಸ್ ಮನೆಯಲ್ಲಿ ಸಿಗುವ ಯಾವ ಹುಳಿಗೂ ಜಗ್ಗುವುದಿಲ್ಲ.

ಗಾಜನ್ನು ಗೀರುವ ಬಿಳಿಕಲ್ಲೆಲ್ಲ ಕ್ವಾರ್ಟ್ಸ್ ಎನ್ನಬಹುದೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಫೆಲ್ಡ್‌ಸ್ಪಾರ್ ಕೂಡ ಗಾಜನ್ನು ಗೀರುತ್ತದೆ, ಅದರ ಗಡಸು ಆರು. ಅದಕ್ಕೇ ಒಡೆದ ಮುಖವನ್ನು ನೋಡಬೇಕು. ಫೆಲ್ಡ್‌ಸ್ಪಾರ್‌ಗೆ ಸೀಳುಗಳಿವೆ. ಒಡೆದಾಗ ಚಪ್ಪಟೆ ಮುಖಗಳು ಹೆಚ್ಚುಕಡಿಮೆ ಲಂಬಕೋನದಲ್ಲಿ ಸೇರುತ್ತವೆ, ಬಿಸಿಲಿಗೆ ಹಿಡಿದರೆ ಫಳ್ಳನೆ ಹೊಳೆಯುತ್ತವೆ. ಕ್ವಾರ್ಟ್ಸ್‌ಗೆ ಸೀಳೇ ಇಲ್ಲ. ಬಾಗಿದ, ಸುತ್ತುಗೆರೆಗಳ ಮುರಿತ, ಗಾಜಿನ ಹೊಳಪು. ಇನ್ನೂ ಖಾತರಿ ಬೇಕಾದವರು ತೂಕ ಹಾಕಿ ನೋಡಬಹುದು. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು, ಕಲ್ಲನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ನೀರೊಳಗೆ ಇಳಿಬಿಟ್ಟರೆ ತಕ್ಕಡಿ ತೋರಿಸುವ ಹೆಚ್ಚಳ ಕಲ್ಲಿನ ಗಾತ್ರದಷ್ಟು ನೀರಿನ ತೂಕ. 265 ಗ್ರಾಂ ತೂಗುವ ಗಟ್ಟಿ ಕ್ವಾರ್ಟ್ಸ್ ತುಂಡು ಹತ್ತಿರ ಹತ್ತಿರ 100 ಗ್ರಾಂ ತೋರಿಸಬೇಕು, ಏಕೆಂದರೆ ಅದರ ಸಾಂದ್ರತೆ 2.65. ಸ್ಟಿಲ್ಬೈಟ್‌ನದು 2.2ರ ಸುಮಾರು, ಕೂಡಲೇ ಬೇರೆಯಾಗುತ್ತದೆ. ಕ್ಯಾಲ್ಸೈಟ್ 2.71, ಈ ಪರೀಕ್ಷೆಗೆ ಸಿಗದಷ್ಟು ಹತ್ತಿರ, ಆದರೆ ಅದನ್ನು ನಿಂಬೆರಸ ಆಗಲೇ ಹೊರಗೆ ಹಾಕಿದೆ. ಒಂದೊಂದು ಪರೀಕ್ಷೆಯೂ ಕುರುಡೇ, ಎಲ್ಲವನ್ನೂ ಸೇರಿಸಿದರೆ ತಪ್ಪಿಸಿಕೊಳ್ಳುವ ದಾರಿ ಉಳಿಯುವುದಿಲ್ಲ. ಪ್ರಯೋಗಾಲಯದ ಎಕ್ಸ್-ರೇ ಇಲ್ಲದೆ ಖನಿಜದ ಹೆಸರು ಹೇಳಬಾರದು ಎನ್ನುವ ಬಿಗುಮಾನ ಅಪರೂಪದ ಖನಿಜಗಳಿಗೆ ಸರಿ. ಭೂಖಂಡಗಳ ಹೊರಪದರದಲ್ಲಿ ಫೆಲ್ಡ್‌ಸ್ಪಾರ್ ಬಿಟ್ಟರೆ ಅತಿ ಹೆಚ್ಚಾಗಿರುವ ಖನಿಜಕ್ಕೆ ಅಷ್ಟು ಮರ್ಯಾದೆ ಬೇಕಿಲ್ಲ.

ಕಲ್ಲು ಕ್ವಾರ್ಟ್ಸ್ ಎಂದು ಖಚಿತವಾಯಿತು ಎನ್ನಿ. ನಿಜವಾದ ಒಗಟು ಶುರುವಾಗುವುದು ಆಗ. ಬೀದರ್ ನೆಲದ ಕರಿಕಲ್ಲು ಬಸಾಲ್ಟ್, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರದ ಮೇಲೆ ಪದರವಾಗಿ ಹರಿದು, ಇವತ್ತಿಗೂ ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ಹರಡಿರುವ ದಖ್ಖನ್ ಲಾವಾದ ಒಂದು ಅಂಚು. ಬಸಾಲ್ಟ್‌ನ ತೂಕದಲ್ಲಿ ಅರ್ಧದಷ್ಟು ಸಿಲಿಕಾ ಇದೆ ನಿಜ. ಆದರೆ ಅದು ಬಿಡಿಯಾಗಿಲ್ಲ. ಕಬ್ಬಿಣ, ಮೆಗ್ನೀಷಿಯಂ, ಕ್ಯಾಲ್ಸಿಯಂ, ಅಲ್ಯುಮಿನಿಯಂಗಳ ಜೊತೆ ಪೈರಾಕ್ಸೀನ್, ಫೆಲ್ಡ್‌ಸ್ಪಾರ್‌ಗಳೊಳಗೆ ಕಟ್ಟುಬಿದ್ದಿದೆ. ಬಗದಲ್‌ನ ಯಾವ ಗಟ್ಟಿ ಕರಿಕಲ್ಲನ್ನು ಒಡೆದು ಭೂತಗನ್ನಡಿ ಹಿಡಿದರೂ ಮುಷ್ಟಿಗಾತ್ರದ ಬಿಳಿ ಹರಳಿರಲಿ, ಬೆಣಚಿನ ಒಂದು ಕಾಳೂ ಸಿಗಲಿಕ್ಕಿಲ್ಲ. ಇನ್ನೊಂದು ಮಾತಿದೆ. ಆ ಲಾವಾ ಹರಿದದ್ದು 1,100 ಡಿಗ್ರಿಗೂ ಮೇಲಿನ ಕಾವಿನಲ್ಲಿ. ನೆಲದ ಮೇಲ್ಮೈಯಲ್ಲಿ ಅಷ್ಟು ಬಿಸಿಯಲ್ಲಿ ಸಿಲಿಕಾ ತಾನಾಗಿ ಹರಳುಗಟ್ಟಿದರೆ ತಾಳುವ ರೂಪಗಳು ಟ್ರಿಡಿಮೈಟ್, ಕ್ರಿಸ್ಟೊಬಲೈಟ್. ಕೋಣೆಯ ಉಷ್ಣತೆಯಲ್ಲಿ ನಮ್ಮ ಕೈಯಲ್ಲಿರುವ ಕ್ವಾರ್ಟ್ಸ್ ರೂಪ 573 ಡಿಗ್ರಿ ಮೀರಿದರೆ ಒಳಕಟ್ಟು ಬದಲಿಸಿಕೊಳ್ಳುತ್ತದೆ. ಹೀಗಿರುವಾಗ ಬೆಣಚನ್ನು ಲಾವಾ ನೇರವಾಗಿ ಹೆತ್ತಿತು ಎನ್ನಲು ರಸಾಯನವೂ ಒಪ್ಪುವುದಿಲ್ಲ, ಉಷ್ಣಮಾಪಕವೂ ಒಪ್ಪುವುದಿಲ್ಲ.

ಹಾಗಾದರೆ ಎಲ್ಲಿ ಹುಟ್ಟಿತು? ಬಾವಿಯ ಕಲ್ಲಿನ ಗುಡ್ಡೆಯಲ್ಲಿ ತೂತು ತೂತಿನ ಬಸಾಲ್ಟ್ ತುಂಡನ್ನು ಹುಡುಕಬೇಕು. ಪ್ರತಿ ಲಾವಾ ಹರಿವಿನ ಮೇಲ್ಭಾಗದಲ್ಲಿ ಅನಿಲದ ಗುಳ್ಳೆಗಳು ಸಿಕ್ಕಿಹಾಕಿಕೊಂಡು ಪೊಟರೆಗಳಾಗಿ ಉಳಿದಿವೆ, ಸಾಸಿವೆ ಗಾತ್ರದಿಂದ ತಲೆಯ ಗಾತ್ರದವರೆಗೆ. ದೊಡ್ಡ ಪೊಟರೆಯೊಂದು ಅಡ್ಡಕ್ಕೆ ಒಡೆದಿದ್ದರೆ ಹೊರಗಿನಿಂದ ಒಳಕ್ಕೆ ನೋಡುತ್ತ ಹೋಗಬೇಕು. ಬಂಡೆಗೆ ತಾಗಿದಂತೆ ತೆಳ್ಳನೆಯ ಹಸಿರು ಪೊರೆ, ಅದು ಬಸಾಲ್ಟ್ ಕೊಳೆತಾಗ ಹುಟ್ಟುವ ಸೆಲಡೊನೈಟ್‌ನಂಥ ಖನಿಜ. ಅದರ ಮೇಲೆ ಬೂದುನೀಲಿ ಕಾಲ್ಸೆಡೊನಿ, ಪೊಟರೆಯ ಗೋಡೆಯ ಏರಿಳಿತವನ್ನೇ ಅನುಸರಿಸಿ ಗೆರೆಗೆರೆಯಾಗಿ. ಅದರೊಳಗೆ ಹಾಲುಬಿಳಿ ಕ್ವಾರ್ಟ್ಸ್. ನಡುವಿನ ಟೊಳ್ಳಿನತ್ತ ಮುಖ ಮಾಡಿ ನಿಂತ ಸಣ್ಣ ಸಣ್ಣ ಮೊನೆಗಳು, ತುದಿಗೆ ಬಂದಂತೆ ತಿಳಿಯಾದವು. ಕೆಲವೊಮ್ಮೆ ಆ ಮೊನೆಗಳ ಮೇಲೆ ಕೂತ ಒಂದೆರಡು ಕ್ಯಾಲ್ಸೈಟ್ ಅಥವಾ ಜಿಯೋಲೈಟ್ ಹರಳು. ಈ ಅನುಕ್ರಮವೇ ಸಾಕ್ಷಿ. ಹೊರಗಿನದು ಮೊದಲು ಬಂದದ್ದು, ಒಳಗಿನದು ಆಮೇಲೆ. ಕರಗಿದ ಕಲ್ಲು ಆರಿದರೆ ಹೀಗೆ ಗೋಡೆಯಿಂದ ನಡುವಿಗೆ ಪೊರೆಪೊರೆಯಾಗಿ ಬೇರೆ ಬೇರೆ ಖನಿಜ ಬೆಳೆದು, ಕೊನೆಗೆ ಟೊಳ್ಳು ಉಳಿಯುವುದಿಲ್ಲ. ಬಿರುಕುಗಳಿಂದ ಒಸರಿ ಬಂದ ನೀರು ಪೊಟರೆ ತುಂಬಿ, ತಾನು ಹೊತ್ತು ತಂದದ್ದನ್ನು ಗೋಡೆಗೆ ಬಿಟ್ಟು ಹೊರಟು, ಮತ್ತೆ ಬೇರೆ ಸರಕು ಹೊತ್ತು ಬಂದರೆ ಮಾತ್ರ ಹೀಗಾಗಲು ಸಾಧ್ಯ. ಅಪರೂಪಕ್ಕೆ ಸಿಗುವ ಒಂದು ಬಗೆಯ ಅಗೇಟ್‌ನಲ್ಲಿ ಪೊಟರೆಯ ತಳದ ಗೆರೆಗಳು ಗೋಡೆಯನ್ನು ಅನುಸರಿಸದೆ ಒಂದರ ಮೇಲೊಂದು ಸಮತಟ್ಟಾಗಿರುತ್ತವೆ. ಅಲ್ಲಿ ಒಂದು ಕಾಲದಲ್ಲಿ ನಿಂತಿದ್ದ ದ್ರವದ ಮಟ್ಟವನ್ನು ಕಲ್ಲೇ ಗೆರೆ ಎಳೆದು ತೋರಿಸುತ್ತದೆ.

ನೀರಿನಲ್ಲಿ ಕಲ್ಲು ಕರಗುತ್ತದೆಯೇ ಎಂಬ ಸಂಶಯ ಸಹಜ. ತಣ್ಣೀರಿನಲ್ಲಿ ಕ್ವಾರ್ಟ್ಸ್ ಲೀಟರಿಗೆ ಕೆಲವೇ ಮಿಲಿಗ್ರಾಂ ಕರಗುವುದು, ಇಲ್ಲವೆಂದರೂ ನಡೆದೀತು. ಆದರೆ ಸರಕು ಬಂದದ್ದು ಕ್ವಾರ್ಟ್ಸ್‌ನಿಂದಲ್ಲ. ಬೇಗ ಆರಿದ ಲಾವಾದಲ್ಲಿ ಹರಳುಗಟ್ಟದೆ ಉಳಿದ ಗಾಜು ಇರುತ್ತದೆ, ಅದು ನೀರಿಗೆ ಬಲು ಬೇಗ ಸೋಲುತ್ತದೆ. ಬಂಡೆ ಇನ್ನೂ ಬೆಚ್ಚಗಿದ್ದು ನೀರು ಕ್ಷಾರವಾಗಿದ್ದರೆ ಇನ್ನೂ ಬೇಗ. ಹಾಗೆ ಸಿಲಿಕಾ ತುಂಬಿಕೊಂಡ ನೀರು ತಣ್ಣಗಾದಾಗ, ತನ್ನಲ್ಲಿ ಹಿಡಿಯಲಾರದ್ದನ್ನು ಪೊಟರೆಯಲ್ಲಿ ಇಳಿಸಿತು. ಕಾಲಾವಕಾಶವಂತೂ ಕೋಟಿಗಟ್ಟಲೆ ವರ್ಷ ಇತ್ತು.

ಬೆಣಚಿನ ಬಿಳುಪೇ ಇದಕ್ಕೆ ಇನ್ನೊಂದು ಸಾಕ್ಷಿ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದದ್ದು. ಶುದ್ಧ ಕ್ವಾರ್ಟ್ಸ್‌ಗೆ ಬಣ್ಣವಿಲ್ಲ. ಬಿಳಿ ಎನ್ನುವುದು ಅದರೊಳಗೆ ಬೆರೆತ ಬಣ್ಣವೂ ಅಲ್ಲ. ಫ್ರಿಜ್ಜಿನಲ್ಲಿ ಗಟ್ಟಿಯಾದ ಐಸಿನ ಗಡ್ಡೆ ಅಂಚಿನಲ್ಲಿ ತಿಳಿಯಾಗಿದ್ದು ನಡುವೆ ಬೆಳ್ಳಗಿರುವುದು ಸಿಕ್ಕಿಬಿದ್ದ ಗಾಳಿಗುಳ್ಳೆಗಳಿಂದ. ಹಾಲುಬಿಳಿ ಕ್ವಾರ್ಟ್ಸ್‌ನಲ್ಲೂ ಬೆಳಕನ್ನು ಚೆದುರಿಸುವುದು ಅಂಥವೇ ಲೆಕ್ಕವಿಲ್ಲದ ಸೂಕ್ಷ್ಮ ಕೋಶಗಳು. ಆದರೆ ಅವುಗಳೊಳಗೆ ಇರುವುದು ಬರೀ ಗಾಳಿಯಲ್ಲ, ಹರಳು ಬೆಳೆಯುವಾಗ ಸುತ್ತ ಇದ್ದ ದ್ರವವೇ. ಇಂಗ್ಲೆಂಡಿನ ಹೆನ್ರಿ ಕ್ಲಿಫ್ಟನ್ ಸಾರ್ಬಿ 1858ರಲ್ಲಿ ಸೂಕ್ಷ್ಮದರ್ಶಕದಡಿ ಇಂಥ ಕೋಶಗಳನ್ನು ನೋಡಿ, ಅವುಗಳಲ್ಲಿ ನೀರಿನ ಜೊತೆ ಅಲ್ಲಾಡುವ ಸಣ್ಣ ಗುಳ್ಳೆಯಿಂದ ಹರಳು ಹುಟ್ಟಿದ ಕಾವನ್ನು ಲೆಕ್ಕ ಹಾಕಬಹುದೆಂದು ತೋರಿಸಿದ. ಬಿಸಿಯಲ್ಲಿ ತುಂಬಿಕೊಂಡ ದ್ರವ ತಣಿದು ಕುಗ್ಗಿದ್ದರಿಂದ ಆ ಗುಳ್ಳೆ ಮೂಡಿದೆ. ಮತ್ತೆ ಕಾಯಿಸುತ್ತ ಹೋದರೆ ಯಾವ ಡಿಗ್ರಿಯಲ್ಲಿ ಗುಳ್ಳೆ ಮಾಯವಾಗುತ್ತದೋ ಹರಳು ಹುಟ್ಟಿದ್ದು ಕನಿಷ್ಠ ಅಷ್ಟು ಕಾವಿನಲ್ಲಿ. ಇವತ್ತಿಗೂ ಚಿನ್ನದ ಗಣಿಗಳ ಬೆಣಚನ್ನು ಓದುವುದು ಈ ವಿಧಾನದಿಂದಲೇ. ಮನೆಯಲ್ಲಿ ಒಲೆಯ ಮೇಲಿಟ್ಟು ಪರೀಕ್ಷಿಸುವ ಸಾಹಸ ಮಾತ್ರ ಬೇಡ. ಒಳಗಿನ ನೀರು ಆವಿಯಾಗಿ ಕಲ್ಲು ಪಟಪಟ ಸಿಡಿಯುತ್ತದೆ, ಕಣ್ಣಿಗೆ ಅಪಾಯ.

ಈಗ ಬಲವಾದ ಆಕ್ಷೇಪವೊಂದಕ್ಕೆ ಬರೋಣ. ಕರ್ನಾಟಕದ ಬೆಣಚಿನ ಬಹುಭಾಗ ಇರುವುದು ಪೊಟರೆಗಳಲ್ಲಲ್ಲ, ಪುರಾತನ ಗ್ನೈಸ್ ಮತ್ತು ಹಸಿರುಶಿಲೆಗಳನ್ನು ಸೀಳಿಕೊಂಡು ಹೋದ ಉದ್ದುದ್ದನೆಯ ಸಿರಗಳಲ್ಲಿ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನ ತೆಗೆಯುವುದು ಬೆಣಚಿನ ಸಿರಗಳಿರುವ ಕಲ್ಲಿನಿಂದಲೇ, 2001ರಲ್ಲಿ ಮುಚ್ಚಿದ ಕೋಲಾರದ ಗಣಿಗಳಲ್ಲೂ ಹಾಗೆಯೇ. ಅದೇ ಬೆಣಚು ಬೀದರ್‌ನಲ್ಲೂ ಏಕಿರಬಾರದು? ಈ ಪ್ರಶ್ನೆಯ ಹಿಂದೆ ಹಲವರಿಗೆ ಇನ್ನೊಂದು ಆಸೆಯೂ ಇರುತ್ತದೆ ಎಂಬುದು ಬೇರೆ ಮಾತು. ಉತ್ತರ ನೆಲದಡಿ ಇದೆ. 1993ರ ಸೆಪ್ಟೆಂಬರ್ 30ರ ಭೂಕಂಪದ ನಂತರ ಪಕ್ಕದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ವಿಜ್ಞಾನಿಗಳು ಆಳದ ಕೊಳವೆ ಕೊರೆದರು. ಸುಮಾರು 338 ಮೀಟರ್ ಬಸಾಲ್ಟ್ ದಾಟಿದ ಮೇಲಷ್ಟೇ, ತೆಳುವಾದ ಕೆಸರುಶಿಲೆಯ ಪದರದಡಿ, ಹಳೆಯ ಗ್ನೈಸ್ ಸಿಕ್ಕಿತು. ಬಸಾಲ್ಟ್ ಹೊದಿಕೆ ಪೂರ್ವಕ್ಕೂ ದಕ್ಷಿಣಕ್ಕೂ ತೆಳುವಾಗುತ್ತ ಹೋಗುತ್ತದೆ ನಿಜ. ಆದರೂ ಬೀದರ್ ಇರುವುದು ಆ ಹೊದಿಕೆಯ ಮೇಲೆಯೇ. ಸಿರಬೆಣಚು ಇದ್ದರೆ ಅದು ಕೆಳಗೆ ಮುಚ್ಚಿಹೋಗಿದೆ, ಮೇಲೆದ್ದು ಹೊಲಕ್ಕೆ ಬರುವ ದಾರಿಯಿಲ್ಲ. ಹೊಳೆ ತಂದಿರಬಹುದು ಎಂಬ ವಾದವೂ ನಿಲ್ಲುವುದಿಲ್ಲ. ಮಾಂಜ್ರಾ ಹುಟ್ಟುವುದು ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಬಾಲಾಘಾಟ್ ಬೆಟ್ಟಸಾಲಿನಲ್ಲಿ, ಲಾತೂರ್ ಹಾದು ಬೀದರ್‌ಗೆ ಬರುವವರೆಗೆ ಅದು ತುಳಿಯುವುದು ಬಸಾಲ್ಟ್ ನೆಲವನ್ನೇ. ಆ ಹೊಳೆಯ ಗೊರಚಿನಲ್ಲಿ ಸಿಗುವ ಅಗೇಟ್, ಕಾಲ್ಸೆಡೊನಿ, ಬೆಣಚುಗಳೆಲ್ಲ ಲಾವಾ ಪೊಟರೆಗಳಿಂದ ಕಳಚಿ ಬಿದ್ದವು.

ಎರಡೂ ಬಗೆಯ ಬೆಣಚು ಕೈಗೆ ಸಿಕ್ಕರೆ ಬೇರ್ಪಡಿಸುವುದೂ ಕಷ್ಟವಲ್ಲ. ಸಿರದ್ದು ಅಡಿಗಟ್ಟಲೆ ದಪ್ಪದ ಒರಟು ಗಡ್ಡೆಯಿಂದ ಒಡೆದದ್ದು, ಮೈತುಂಬ ಬಿರುಕು, ಬಿರುಕಿನಲ್ಲಿ ಕಬ್ಬಿಣದ ತುಕ್ಕು, ಅಂಚಿಗೆ ಒಮ್ಮೊಮ್ಮೆ ಅಭ್ರಕದ ಹೊಳಪು. ಪೊಟರೆಯದ್ದಕ್ಕೆ ಉಬ್ಬಿದ ಹೊರಮೈ, ಅದರಲ್ಲಿ ಬಂಡೆ ಬಿಟ್ಟ ಗುಳಿಗಳು, ಹಸಿರು ಪೊರೆಯ ಚೂರು, ಒಳಗೆ ಪಟ್ಟೆ ಅಥವಾ ಮೊನೆಗಳ ಟೊಳ್ಳು. ಬೀದರ್‌ನಲ್ಲಿ ಅಪವಾದಗಳು ಸಿಗುವುದು ಹೊಲದಲ್ಲಲ್ಲ, ಊರೊಳಗೆ. ಉದ್ಯಾನದ ಅಂಚಿಗೆ, ಮನೆಯಂಗಳಕ್ಕೆ, ಹೊಸ ಕಟ್ಟಡದ ಮುಂದೆ ಹಾಕುವ ಬಿಳಿ ಹರಳುಗಲ್ಲು ಲಾರಿಯಲ್ಲಿ ಎಲ್ಲಿಂದಲೋ ಬಂದದ್ದು, ಅದರ ಸಾಕ್ಷಿ ಈ ನೆಲಕ್ಕೆ ಸಲ್ಲುವುದಿಲ್ಲ. ಹಾಗೆಂದು ಸಿರದ ಬೆಣಚೂ ನೀರಿನ ಸಂಬಂಧ ಕಡಿದುಕೊಂಡದ್ದಲ್ಲ. ಅದನ್ನೂ ಆಳದ ಬಿಸಿನೀರೇ ಬಿರುಕುಗಳಲ್ಲಿ ತುಂಬಿತು, ಕಾವು ಮತ್ತು ಒತ್ತಡ ಬೇರೆ, ವಯಸ್ಸು ಕೋಟಿಗಳ ಬದಲು ನೂರಾರು ಕೋಟಿ ವರ್ಷ.

ಇನ್ನೊಂದು ವಾದ ಇದಕ್ಕಿಂತ ಜಾಣತನದ್ದು, ನನ್ನ ಮಾತಿಗೆ ಒಲಿದು ಬಂದಂತೆಯೂ ಕಾಣುತ್ತದೆ. ಜಂಬಿಟ್ಟಿಗೆ ಎಂದರೆ ಮಳೆ ಬಿಸಿಲುಗಳಿಗೆ ಸಿಕ್ಕ ಬಸಾಲ್ಟ್‌ನಿಂದ ಸಿಲಿಕಾ ತೊಳೆದುಹೋಗಿ ಕಬ್ಬಿಣ, ಅಲ್ಯುಮಿನಿಯಂ ಉಳಿದ ಕಲ್ಲು. ಬೀದರ್ ಕೋಟೆಯ ಕಂದಕವನ್ನು ಕಡಿದದ್ದು ಅದರಲ್ಲೇ. ನೌಬಾದಿನ ಕರೇಜ್ ಸುರಂಗ ನೀರು ಕೊಟ್ಟದ್ದೂ ಜಂಬಿಟ್ಟಿಗೆಯಲ್ಲಿ ಇಳಿದ ಮಳೆ ಕೆಳಗಿನ ಬಸಾಲ್ಟ್‌ಗೆ ತಾಗಿ ಅಲ್ಲಿಯೇ ಹರಿಯುವುದರಿಂದ. ಮೇಲಿನಿಂದ ಕಳೆದುಹೋದ ಸಿಲಿಕಾವೇ ಕೆಳಗಿನ ಪೊಟರೆಗಳಲ್ಲಿ ಬೆಣಚಾಗಿ ಕೂತಿದೆ ಎಂದರೆ ಲೆಕ್ಕ ಎಷ್ಟು ಸೊಗಸಾಗಿ ಸರಿಹೋಗುತ್ತದೆ! ಅದಕ್ಕೇ ಇದನ್ನು ಅನುಮಾನದಿಂದ ನೋಡಬೇಕು. ಬೆಣಚಿನ ಜೊತೆಗಾರರಾದ ಜಿಯೋಲೈಟ್‌ಗಳು ದಖ್ಖನ್‌ನಲ್ಲಿ ಬೀದರ್‌ನಿಂದ ನಾಸಿಕ್, ಪುಣೆ, ಜಳಗಾಂವ್‌ವರೆಗೆ, ತಲೆಯ ಮೇಲೆ ಜಂಬಿಟ್ಟಿಗೆ ಇರಲಿ ಇಲ್ಲದಿರಲಿ, ಪೊಟರೆಗಳನ್ನು ತುಂಬಿವೆ. ನಾಸಿಕ್ ಬಳಿಯ ಸಿನ್ನರ್‌ನ ಗಾರಗೋಟಿ ಖನಿಜ ಸಂಗ್ರಹಾಲಯದಲ್ಲಿ ಸಾಲಾಗಿ ಇಟ್ಟಿರುವ ಹರಳುಗಳು ಇದನ್ನೇ ಹೇಳುತ್ತವೆ. ಅವು ಬೆಚ್ಚನೆಯ ನೀರಿನ ಕೂಸುಗಳು, ಮಳೆನೀರಿನ ಮೇಲ್ಮೈ ಕೆಲಸವಲ್ಲ. ಜಂಬಿಟ್ಟಿಗೆ ಕಳೆದುಕೊಂಡ ಸಿಲಿಕಾದ ಹೆಚ್ಚಿನ ಪಾಲು ಹೊಳೆ ಸೇರಿ ಹೋಯಿತು, ಅಲ್ಪಸ್ವಲ್ಪ ಕೆಳಗಿನ ಬಿರುಕುಗಳಲ್ಲಿ ನಿಂತಿರಬಹುದು, ಅಷ್ಟೆ. ಬೀದರ್ ಜಂಬಿಟ್ಟಿಗೆಯನ್ನು ಲಿಥಿಯಂ ಐಸೊಟೋಪ್‌ಗಳ ಮೂಲಕ ಪರಿಶೀಲಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅದರಲ್ಲಿ ಮೇಲಿನ ಪದರಕ್ಕೆ ದೂರದಿಂದ ಗಾಳಿ ತಂದ ಧೂಳೂ ಸೇರಿರುವ ಕುರುಹು ಸಿಕ್ಕಿದೆ. ಕೆಂಪುಮಣ್ಣಿನಲ್ಲಿ ಕಾಣಿಸುವ ಬೆಣಚಿನ ಅತಿ ಸಣ್ಣ ಕಣಗಳ ಲೆಕ್ಕ ಹೇಳುವಾಗ ಈ ಗಾಳಿಯನ್ನೂ ಮರೆಯುವಂತಿಲ್ಲ.

ಬೆಲೆಯ ವಿಷಯ ಎರಡೇ ಮಾತಿನಲ್ಲಿ ಮುಗಿಸಬಹುದು. ತಿಳಿಯಾದ ಮೊನೆ ಕಂಡೊಡನೆ ವಜ್ರದ ನೆನಪಾಗುವುದು ಹಳೆಯ ಗೋಲ್ಕೊಂಡದ ನೆರಳಿನಲ್ಲಿ ಬದುಕಿದ ಈ ಭಾಗಕ್ಕೆ ಸಹಜ. ಆದರೆ ವಜ್ರದ ಸಾಂದ್ರತೆ 3.5, ಅದಕ್ಕೆ ಆರು ಮುಖದ ಕಂಬವಿಲ್ಲ. ಮಳೆ ಬಿದ್ದ ಹೊಲಗಳಲ್ಲಿ ಜನ ವಜ್ರ ಹುಡುಕುವ ರಾಯಲಸೀಮೆಯ ವಜ್ರಕರೂರಿನಲ್ಲಿ ಕಿಂಬರ್‌ಲೈಟ್ ಕೊಳವೆಗಳಿವೆ, ಬಸಾಲ್ಟ್ ನೆಲದಲ್ಲಿ ಆ ಹುಡುಕಾಟ ವ್ಯರ್ಥ. ದಖ್ಖನ್ ಪೊಟರೆಗಳಿಗೆ ಒಂದು ಕಾಲದಲ್ಲಿ ಮಾರುಕಟ್ಟೆ ಇದ್ದದ್ದು ಪಟ್ಟೆಕಲ್ಲಿಗೆ. ಒಂದನೆಯ ಶತಮಾನದ ಗ್ರೀಕ್ ನಾವಿಕರ ಕೈಪಿಡಿ ಪೆರಿಪ್ಲಸ್, ಪೈಠಣದಿಂದ ಬಂಡಿಗಳಲ್ಲಿ ಭರೂಚಿನ ಬಂದರಿಗೆ ಓನಿಕ್ಸ್ ಕಲ್ಲು ಹೋಗುತ್ತಿತ್ತು ಎನ್ನುತ್ತದೆ. ಅದನ್ನು ಉಜ್ಜಿ ನುಣುಪು ಮಾಡುವ ಕಸುಬು ಗುಜರಾತಿನ ಖಂಭಾತದಲ್ಲಿ ಇನ್ನೂ ಇದೆ. ಒಣಕಲ್ಲು ಉಜ್ಜಿದ ಧೂಳು ಶ್ವಾಸಕೋಶಕ್ಕೆ ಇಳಿದು ಬರುವ ಸಿಲಿಕೋಸಿಸ್ ಕೂಡ ಅಲ್ಲಿನ ಕುಶಲಕರ್ಮಿಗಳನ್ನು ಬಿಟ್ಟಿಲ್ಲ. ಬೆಣಚನ್ನು ಒಡೆಯುವವರು, ಕುಟ್ಟುವವರು ಮೊದಲು ಅದಕ್ಕೆ ನೀರು ಹಾಕುವುದು ಒಳ್ಳೆಯದು.

ಹೊಲದಲ್ಲಿ ಇಷ್ಟೊಂದು ಬೆಣಚು ಏಕೆ ಉಳಿಯಿತು ಎಂಬುದೂ ಇದೇ ಕತೆಯ ಮುಂದಿನ ಭಾಗ. ಗುಳ್ಳೆಗಲ್ಲು ಮೊದಲು ಮೊರಂ ಆಯಿತು, ಆಮೇಲೆ ಎರೆಮಣ್ಣಾಯಿತು. ಪೈರಾಕ್ಸೀನ್, ಫೆಲ್ಡ್‌ಸ್ಪಾರ್ ಕೊಳೆತು ಜೇಡಿಯಾದವು, ಜಿಯೋಲೈಟ್, ಕ್ಯಾಲ್ಸೈಟ್ ಕರಗಿ ಹೋದವು. ನೀರಿನಿಂದ ಹುಟ್ಟಿದ್ದರೂ ನೀರಿಗೆ ಸುಲಭವಾಗಿ ಮಣಿಯದ ಬೆಣಚು ಮಾತ್ರ ಉಳಿಯಿತು. ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವಾಗ ಅಡಿಯ ಕಲ್ಲುಗಳು ವರ್ಷ ವರ್ಷವೂ ಮೇಲೆ ಬರುತ್ತವೆ. ಬದುವಿಗೆ ಎಸೆದಷ್ಟೂ ಹೊಸದು ಕಾಣಿಸಿಕೊಳ್ಳುವುದು ಹೀಗೆ. ಆದರೆ ಹಾಗೆ ಸಿಕ್ಕ ಕಲ್ಲು ಬಂಡೆಯಿಂದ ಬೇರೆಯಾಗಿ ಬಹುಪಾಲು ಸಾಕ್ಷಿ ಕಳೆದುಕೊಂಡಿರುತ್ತದೆ. ಬಾವಿಯಿಂದ ಆಗಷ್ಟೇ ಬಂದದ್ದರಲ್ಲಿ ಎಲ್ಲವೂ ಇರುತ್ತದೆ. ಅಂಥದ್ದನ್ನು ಭೂವಿಜ್ಞಾನ ಓದಿದವರಿಗೆ ತೋರಿಸಬೇಕೆಂದರೆ ಊರು, ಬಾವಿಯ ಆಳ, ಸಿಕ್ಕ ಪದರದ ಬಣ್ಣ ಬರೆದ ಚೀಟಿ ಜೊತೆಗಿರಲಿ, ಅಂಟಿದ ಕರಿಕಲ್ಲು ಅಂಟಿದಂತೆಯೇ ಇರಲಿ. ಹರಳು ಮಾರುವವರು ಮೊನೆಗಳು ಫಳಫಳಿಸಲೆಂದು ಇಡೀ ತುಂಡನ್ನು ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಅದ್ದಿ ತೆಗೆಯುತ್ತಾರೆ. ಕ್ವಾರ್ಟ್ಸ್‌ಗೆ ಅದರಿಂದ ಏನೂ ಆಗುವುದಿಲ್ಲ, ಅದರ ಮೇಲೆ ಕೂತಿದ್ದ ಕ್ಯಾಲ್ಸೈಟ್ ಗುಳ್ಳೆಯೆದ್ದು ಹೋಗುತ್ತದೆ. ಆ ಪೊಟರೆಗೆ ಕೊನೆಯದಾಗಿ ಬಂದ ನೀರು ಬಿಟ್ಟುಹೋಗಿದ್ದು ಅದೇ.